ತಕ್ಕಡಿಗೆ ಸಿಗದ ಎಂಟು

ಮಹಾರಾಷ್ಟ್ರದ ಗಡಿಯ ಹುಪರಿಯೊಳಗ ಬೆಳ್ಳಿ ಕೆಲಸಕ್ಕ ಕೊಡುವಾಗ ತೂಗಿ ಕೊಡತಾರ, ವಾಪಸ್ ತಗೊಳ್ಳುವಾಗ ತೂಗಿ ತಗೋತಾರ. ಆದ್ರ ಕಾಲಗೆಜ್ಜಿ ಮಾಡಿಸೋ ಅಣ್ಣಾಸಾಹೇಬ್ರು ತಮ್ಮ ಕಂಪ್ಯೂಟರ್ ಸರ್ವರ್ ಪೆಟ್ಟಿಗಿನೂ ತಕ್ಕಡಿಗೆ ಏರಿಸಿ, ರಿಪೇರಿಗೆ ಬಂದ ನನಗ ಒಪ್ಪಿಸ್ತಾರಂತ ನಾ ಅಂದ್ಕೊಂಡಿರಲಿಲ್ಲ.

ಒಂದೇ ಸರ್ವರಿನೊಳಗ ನಾಕು ಕಂಪ್ಯೂಟರ್ ನಡಸೋ ಹೈಪರ್‌ವೈಸರ್ ಅನ್ನೋ ಸಾಫ್ಟ್‌ವೇರ್ ಇತ್ತು. ಅದರಾಗ ಡಿಸೈನ್ ಬಿಡಸೋ ಕಂಪ್ಯೂಟರ್ ಭಾಳ ಕುಂಟಾಕತ್ತಿತ್ತು, ಆರ್ಡರ್ ಎಲ್ಲಾ ನಿಂತಿದ್ದವು. ಅದಕ್ಕ ಎಂಟರ ಮ್ಯಾಲ ವರ್ಚುವಲ್ ಪ್ರೊಸೆಸರ್, ಅಂದ್ರ ಸಾಫ್ಟ್‌ವೇರಿನ ಲೆಕ್ಕದಾಗಷ್ಟ ಇರೋ ಪ್ರೊಸೆಸರ್, ಬ್ಯಾಡಂತ ಯಾರೋ ಮಿತಿ ಹಾಕಿದ್ರು. ನಾ ಎಂಟು ಅಳಿಸಿ ಹದಿನಾರು ಬರದೆ. ಡಿಸೈನ್ ಸರಸರ ಓಡಿತು.

ಸಾಹೇಬ್ರು ಸರ್ವರ್ ಮತ್ತ ತೂಗಿದ್ರು. "ಎಂಟು ಹೊಸಾವು ಹಾಕೀನಿ ಅಂತೀರಿ, ಒಂದು ಗ್ರಾಮೂ ಏರಿಲ್ಲಲ್ರೀ?"

"ಅವು ಕಣ್ಣಿಗೆ ಕಾಣಂಗಿಲ್ರೀ, ತೂಕಾನೂ ಇರಂಗಿಲ್ಲ. ಆದ್ರ ಕೆಲಸಾ ಮಾಡತಾವ."

"ಅಸಂ ಕಾಯ್!" ಹಂಗೇನು ಅಂತ ಮರಾಠಿಯೊಳಗ ಅಂದು ತಕ್ಕಡಿ ಎತ್ತಿಟ್ರು.

ಹೊರಡುವಾಗ ನನ್ನ ಮಗಳಿಗೆ ಹದಿನಾರು ಗೆಜ್ಜಿ ಇರೋ ಕಾಲಚೈನ ಕೇಳಿದೆ. ಕೊಟ್ರು. ಎಣಿಸಿದ್ರ ಎಂಟೇ ಇದ್ದವು.

"ಇನ್ನೆಂಟು ಎಲ್ರೀ?"

"ಅದಾವ್ರೀ. ಕಣ್ಣಿಗೆ ಕಾಣಂಗಿಲ್ಲ, ತೂಕಾನೂ ಇರಂಗಿಲ್ಲ," ಅಂದ್ರು. ಮುಖದಾಗ ನಗುವಿನ ಸುಳಿವೂ ಇರಲಿಲ್ಲ.

ಮನ್ಯಾಗ ಮಗಳು ಅದನ್ನ ಹಾಕ್ಕೊಂಡು ಕುಣಿದಾಗ, ಸುಳ್ಳ್ಯಾಕ ಹೇಳಲಿ, ಉಳಿದ ಎಂಟರ ಸಪ್ಪಳ ಬರತೈತೇನಂತ ನಾ ಕಿವಿಗೊಟ್ಟು ಕೇಳಿದೆ.