ಕೆಳಗಿಡಿಸಿದ ಅಚ್ಚು

ಚಾಂದಿಬಾಯಿ, ಮಶೀನಿನಲ್ಲಿ ಅಚ್ಚು ಹಾಕಿಸಿದ ಬಟ್ಟೆಯನ್ನು ಕೈಯಚ್ಚು ಎಂದು ಮಾರಿದವಳು ನಾನು. ಕಳ್ಳಿ ಅನ್ನಿಸಿಕೊಂಡವಳು ನೀನು. ಇದನ್ನು ಹೇಳಲು ಇಷ್ಟು ವರ್ಷ ಬೇಕಾಯಿತು — ಬೇಕಾಯಿತು ಅನ್ನುವುದೂ ಸುಳ್ಳೇ. ಹೇಳಲಿಲ್ಲ, ಅಷ್ಟೆ.

ಶಹಾಪುರದ ಮನೆಯ ಹಿಂದಿನ ಕೋಣೆಯಲ್ಲಿ ಕೆಲಸ ಶುರು ಮಾಡಿದಾಗ ನನ್ನ ಜಂಬ ನೋಡಬೇಕಿತ್ತು. ನಿಮ್ಮ ಲಂಬಾಣಿ ತಾಂಡಾದ ಹೆಂಗಸರ ಕಸೂತಿಯನ್ನು ಮರದ ಅಚ್ಚಿನಲ್ಲಿ ಕೆತ್ತಿಸಿ ಬಟ್ಟೆಗೆ ಒತ್ತುವುದು, ನ್ಯಾಯವಾದ ಕೂಲಿ ಕೊಡುವುದು, ಯಾರ ಮನೆಯ ಚಿತ್ತಾರವೋ ಅವರ ಹೆಸರನ್ನು ಅಂಗಿಯ ಚೀಟಿಯಲ್ಲಿ ಹಾಕುವುದು. ಎಲ್ಲರಿಗೂ ಇದನ್ನೇ ಹೇಳಿಕೊಂಡು ತಿರುಗುತ್ತಿದ್ದೆ. ನಿನ್ನ ಅಜ್ಜಿಯ ಲಂಗದ ಅಂಚಿನ ಕವಡೆ-ಕನ್ನಡಿ ಸಾಲಿಗೇ ಹೆಚ್ಚು ಬೇಡಿಕೆ. ಅದನ್ನು ಕೊಡುವಾಗ ನೀನು ಕೇಳಿದ್ದು ಒಂದೇ ಮಾತು: "ನಮ್ಮಜ್ಜಿ ಹೆಸರ ಕೆಡಸಬ್ಯಾಡ್ರಿ, ಅಕ್ಕಾರ."

ಹೈದರಾಬಾದಿನ ಅಂಗಡಿಯೊಂದರ ದೊಡ್ಡ ಆರ್ಡರನ್ನು ನಾನು ಬಾಯಿ ದೊಡ್ಡದು ಮಾಡಿ ಒಪ್ಪಿಕೊಂಡೆ. ಅಷ್ಟನ್ನು ಕೈಯಲ್ಲಿ ಮಾಡಲಾಗುವುದಿಲ್ಲ ಎಂದು ಗೊತ್ತಾದಾಗ ಬಾಯಿ ಮುಚ್ಚಿಕೊಂಡು ಅರ್ಧ ಬಟ್ಟೆಯನ್ನು ಹೊರಗೆ ಮಶೀನಿನಲ್ಲಿ ಮಾಡಿಸಿದೆ. ಕೈಕೆಲಸದಂತೆ ಕಾಣಲೆಂದು ಮಾಳಿಗೆಯ ಮೇಲೆ ಕೂತು ಅಲ್ಲಲ್ಲಿ ಬಣ್ಣದ ಕಲೆ ಮಾಡಿದೆ. ನನ್ನ ಜಾಣತನಕ್ಕೆ ನಾನೇ ಖುಷಿಪಟ್ಟೆ — ಹೇಸಿಗೆಯಾಗುತ್ತದೆ ಈಗ.

ಬಟ್ಟೆ ಪರೀಕ್ಷೆಗೆಂದು ಆ ಅಂಗಡಿಯಿಂದ ಬಂದ ಸಾಹೇಬರು ಆ ಕಲೆಗಳನ್ನು ನೋಡಿ ತಲೆದೂಗಿದರು. ಆಮೇಲೆ ನಿನ್ನ ಬಟ್ಟೆಯ ಗಂಟು ಬಿಚ್ಚಿದರು. ಅತ್ತೆ ಹಾಸಿಗೆ ಹಿಡಿದಿದ್ದರಿಂದ ನೀನು ತಾಂಡಾದ ಮನೆಯಲ್ಲೇ ಅಚ್ಚು ಹಾಕಿ ತರುತ್ತಿದ್ದೆ. ಅಚ್ಚಿಗೆ ಅಚ್ಚು ಕೂಡಿದ ಕಡೆ ಗೆರೆಯೂ ಕಾಣುತ್ತಿರಲಿಲ್ಲ, ಅಷ್ಟು ಅಚ್ಚುಕಟ್ಟು ನಿನ್ನ ಕೈ.

"ಇದು ಕೈಲೆ ಮಾಡಿದ್ದಲ್ಲ," ಅಂದರು ಅವರು. "ಮಶೀನಿಂದು."

ಎಲ್ಲ ಹೆಂಗಸರೂ ಕೈ ನಿಲ್ಲಿಸಿದರು. ನೀನು ನನ್ನ ಮುಖ ನೋಡಿದೆ. ನಾನು ಏನಾದರೂ ಹೇಳುತ್ತೇನೆ ಎಂದು ಕಾದೆ. ಹೇಳಿದೆನಲ್ಲ —

"ಮನ್ಯಾಗ ಏನ್ ಮಾಡ್ಯಾಳೋ, ನನಗೇನ್ ಗೊತ್ರಿ."

ನೀನು ಅಳಲಿಲ್ಲ, ಜಗಳ ತೆಗೆಯಲಿಲ್ಲ. ಸೀದಾ ಮೇಜಿನ ಹತ್ತಿರ ಹೋಗಿ ಅಚ್ಚನ್ನು ಬಣ್ಣದಲ್ಲಿ ಅದ್ದಿದೆ. "ಇಲ್ಲೇ ಹಾಕಿ ತೋರಸ್ತೀನ್ರಿ ಸಾಹೇಬ್ರ, ನೋಡ್ರಿ." ನಿನ್ನದು ನಿಜವೆಂದು ಗೊತ್ತಾದರೆ ಅವರು ಎರಡೂ ಬಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡುತ್ತಾರೆ. ನನ್ನದು ಬಯಲಾಗುತ್ತದೆ.

"ಕೆಳಗಿಡು," ಅಂದೆ. "ಇದ್ದ ಮರ್ಯಾದಿನೂ ಕಳ್ಕೋಬ್ಯಾಡ. ಮನಿಗಿ ಹೋಗು."

ನೀನು ಅಚ್ಚನ್ನು ನಿಧಾನವಾಗಿ, ಬಟ್ಟೆಗೆ ತಾಗದಂತೆ ಇಟ್ಟು ಹೋದೆ. ಆರ್ಡರು ಉಳಿಯಿತು. ಚೀಟಿಯಿಂದ ನಿನ್ನ ಹೆಸರನ್ನೂ ಅಜ್ಜಿಯ ಹೆಸರನ್ನೂ ತೆಗೆಸಿದೆ. ಚಿತ್ತಾರವನ್ನು ಮಾತ್ರ ಬಿಡಲಿಲ್ಲ, ಅದು ಚೆನ್ನಾಗಿ ಮಾರಾಟವಾಗುತ್ತಿತ್ತಲ್ಲ. ತಾಂಡಾದಲ್ಲಿ ನಿನ್ನನ್ನು "ಮಶೀನ್ ಚಾಂದಿ" ಎಂದು ಕರೆಯುತ್ತಾರೆಂದು ಯಾರೋ ನಗುತ್ತ ಹೇಳಿದರು. ನಾನೂ ನಕ್ಕೆ. ನಗದಿದ್ದರೆ ಅನುಮಾನ ಬರುತ್ತಿತ್ತು ಎಂದು... ಬೇಡ, ನಕ್ಕೆ ಅಷ್ಟೆ.

ಹೋದ ವಾರ ಭೀಮರಾಯನಗುಡಿಯ ಬಸ್ ನಿಲ್ದಾಣದಲ್ಲಿ ನೀನು ಸಿಕ್ಕೆ. ಹತ್ತಿ ಬಿಡಿಸಿ ಬಂದಿದ್ದೆ, ಸೆರಗಿಗೆ ಎಳೆಗಳು ಅಂಟಿದ್ದವು. ಬೈಯುತ್ತೀ ಅಂದುಕೊಂಡೆ. ನೀನು ಕೇಳಿದ್ದು ಬೇರೆ.

"ಅಕ್ಕಾರ, ಅವತ್ತ ನೀವು ಖರೇನ ನಂಬಿದ್ರೇನ್ರಿ, ನಾ ಹಂಗ ಮಾಡೀನಂತ?"

ಬಸ್ ಬಂತು. ಅದು ನನ್ನ ಬಸ್ಸಲ್ಲ, ಸುರಪುರದ್ದು. ಆದರೂ ಹತ್ತಿದೆ.

ಬರುವ ಸೋಮವಾರ ಆ ದಿನ ಇದ್ದ ಹೆಂಗಸರನ್ನೆಲ್ಲ ನಿಮ್ಮ ತಾಂಡಾಕ್ಕೇ ಬರಹೇಳಿದ್ದೇನೆ. ಆ ಸಾಹೇಬರಿಗೂ ಫೋನು ಮಾಡಿ ಎಲ್ಲ ಹೇಳಿಯಾಗಿದೆ. ಅಂಗಡಿಯವರು ಇನ್ನು ನನ್ನ ಬಟ್ಟೆ ಬೇಡ ಅಂದರು, ಸರಿಯಾಗಿಯೇ ಅಂದರು. ನಿನ್ನಜ್ಜಿಯ ಚಿತ್ತಾರದ ಅಚ್ಚನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ತೆಗೆದುಕೊಳ್ಳದೆ ಒಳಗೆ ಹೋದರೂ ಎಲ್ಲರೆದುರು ನಿನ್ನ ಪ್ರಶ್ನೆಗೆ ಉತ್ತರ ಹೇಳಿಯೇ ಬರುತ್ತೇನೆ.

ಇಲ್ಲ, ಚಾಂದಿಬಾಯಿ. ನಾನು ನಂಬಿರಲಿಲ್ಲ. ಒಂದು ಕ್ಷಣವೂ ನಂಬಿರಲಿಲ್ಲ.