ಸೆವೆರಿನಾ ಕಾದ ಆಗಮನ ಕಾಲ

ಸೆವೆರಿನಾ ಆಸ್ಟ್ರಿಯಾದಿಂದ ತಿರುಗಿ ಬಂದಾಗ, ಅವಳನ್ನು ಇನ್ನೂ ಸಿಸ್ಟರ್ ಎನ್ನಬೇಕೋ ಬೇಡವೋ ಎಂದು ವಜ್ರಳ್ಳಿಯಾಚೆಯ ಸಿದ್ದಿ ಕೇರಿಯಲ್ಲಿ ಯಾರಿಗೂ ತಿಳಿಯಲಿಲ್ಲ. ಹರೆಯದಲ್ಲೇ ಕನ್ಯಾಮಠ ಸೇರಿ ಕಡಲಾಚೆ ಹೋದವಳು. ಗುಡ್ಡದ ನೆತ್ತಿಯ ಆ ಮಠದಲ್ಲಿ ಮುದಿ ಸಿಸ್ಟರುಗಳ ಮೈ ಒರೆಸುವುದು, ಉಣಿಸುವುದು, ಸತ್ತರೆ ತೊಳೆದು ಮಲಗಿಸುವುದು ಅವಳ ಪಾಲಿನ ಕೆಲಸ. ಹೊಸಬರು ಯಾರೂ ಬರಲಿಲ್ಲ. ಕೊನೆಯ ಮುದುಕಿಯೂ ಹೋದ ಮೇಲೆ ಮಠಕ್ಕೆ ಬೀಗ ಬಿತ್ತು. ಇನ್ನೊಂದು ಮಠ ಬೇಡವೆಂದು ಸೆವೆರಿನಾ ಉಡುಪು ಕಳಚಿಟ್ಟಳು. ಎಂದೋ ಆಫ್ರಿಕಾದಿಂದ ಬಂದ ಸಿದ್ದಿಗಳ ಮುಖಚಹರೆ ಕಂಡು ಅಲ್ಲಿನವರು ಕೊನೆಯವರೆಗೂ ಅವಳನ್ನು ಆಫ್ರಿಕಾದವಳೆಂದೇ ತಿಳಿದಿದ್ದರು. ಬೆಂಗಳೂರಿಗೆ ಬಂದಿಳಿದಾಗ ಟ್ಯಾಕ್ಸಿಯವನೂ ಯಾವ ದೇಶವೆಂದು ಇಂಗ್ಲಿಷಿನಲ್ಲಿ ಕೇಳಿದ.

ಊರಿನಲ್ಲಿ ತಮ್ಮ ತೀರಿಕೊಂಡಿದ್ದ. ಮನೆಯಲ್ಲಿ ಅವನ ಹೆಂಡತಿ ಕಾತ್ರಿನ್, ಹೆರಿಗೆಗೆ ಬಂದ ಮಗಳು ಜುಲಿಯಾನ.

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರಗಳ ಆಗಮನ ಕಾಲ ಬಂತು. ಕೇರಿಯವರಿಗೆ ಭಾನುವಾರ ಚರ್ಚಿಗೆ ಹೋಗಿಬಂದರೆ ಮುಗಿಯಿತು. ಸೆವೆರಿನಾ ಮಾತ್ರ ಆಸ್ಟ್ರಿಯಾದ ಮಠದಲ್ಲಿ ಮಾಡುತ್ತಿದ್ದ ಹಾಗೆ ಕಾಡುಬಳ್ಳಿಯನ್ನು ಉಂಗುರದಂತೆ ಸುತ್ತಿ, ಹಸಿರೆಲೆ ಸಿಕ್ಕಿಸಿ, ನಾಲ್ಕು ಮೇಣದಬತ್ತಿ ನಿಲ್ಲಿಸಿದಳು. ವಾರಕ್ಕೊಂದು ಹೆಚ್ಚು ಹಚ್ಚುತ್ತ ಹೋಗಬೇಕು. ಅಲ್ಲಾದರೆ ಈ ದಿನಗಳಲ್ಲಿ ಮಧ್ಯಾಹ್ನ ಕಳೆಯುವುದರೊಳಗೆ ಕತ್ತಲು, ಕಿಟಕಿಗೆಲ್ಲ ಹಿಮ. ಮುದುಕಿಯರು ಬತ್ತಿಯ ಸುತ್ತ ಕೂತು ನಡುಗುವ ಕೈಯಲ್ಲಿ ಉಣ್ಣೆಯ ಪುಟ್ಟ ಕಾಲುಚೀಲ ಹೆಣೆಯುತ್ತಿದ್ದರು. ಅವಳು ಇದನ್ನೆಲ್ಲ ಜುಲಿಯಾನಳಿಗೆ ಹೇಳುವಳು.

"ಹಡೀದೇ ಇದ್ದವ್ರು ಕೂಸಿಗೆ ಹೆಣೀತಿದ್ರನ ಅತ್ತೆ?" ಜುಲಿಯಾನ ನಕ್ಕಳು.

"ಹೌದು ಮತ್ತೆ. ಊರಾಗ ಹುಟ್ಟಿದ ಮಕ್ಳಿಗೆ ಕೊಡ್ತಿದ್ವಿ. ನಾನೂ ಹೆಣ್ದೀನಿ."

ಮೂರನೆಯ ವಾರ ಒಂದು ಬೆಳಿಗ್ಗೆ ಜುಲಿಯಾನ ಎದ್ದು ಬಂದು, "ನಿನ್ನೆಯಿಂದ ಕೂಸು ಮಿಸುಕಾಡ್ಲಿಲ್ಲ ಅತ್ತೆ" ಎಂದಳು. ಸೆವೆರಿನಾ ಹೊಟ್ಟೆಯ ಮೇಲೆ ಕೈಯಿಟ್ಟಳು, ಕಿವಿಯಿಟ್ಟಳು. ಕಾರು ಕರೆಯಲು ಓಡಿದಳು.

ಯಲ್ಲಾಪುರದಲ್ಲಿ ಡಾಕ್ಟರು ಕೂಸಿನ ಎದೆಬಡಿತ ಇಲ್ಲವೆಂದರು. ಮರುದಿನ ನೋವು ತಿಂದು ಜುಲಿಯಾನ ಹೆತ್ತಳು. ಗಂಡು. ನರ್ಸಮ್ಮ ಅದನ್ನು ತಂದು ಸೆವೆರಿನಾಳ ಕೈಗಿತ್ತಳು.

"ಎಲ್ಲ ನಿನ್ನಿಂದ!" ಕಾತ್ರಿನ್ ಬಾಗಿಲಲ್ಲೇ ಕೂಗಿದಳು. "ಹೆಣ ತೊಳೆದ ಕೈ ಬಸುರಿ ಮೈಮೇಲೆ ಇಟ್ಟೆ ನೀನು."

ಸೆವೆರಿನಾ ಬೆಚ್ಚನೆ ನೀರು ಕೇಳಿ ಪಡೆದು ಕೂಸನ್ನು ತೊಳೆದಳು, ಬಿಳಿ ಬಟ್ಟೆಯಲ್ಲಿ ಸುತ್ತಿದಳು. ತಾಯಿಗೆ ತೋರಿಸಹೋದರೆ ಕಾತ್ರಿನ್ ಅಡ್ಡ ನಿಂತಳು: "ಬ್ಯಾಡ. ನೋಡಿದ್ರೆ ಮರೀಲಿಕ್ಕೆ ಆಗೂದಿಲ್ಲ." ಹುಬ್ಬಳ್ಳಿಯಿಂದ ಬಂದ ಜುಲಿಯಾನಳ ಗಂಡ ಫಾದರನ್ನು ಕರೆಸಿ ಮಣ್ಣು ಮಾಡಿದ. ಸೆವೆರಿನಾ ಮನೆಗೆ ಬಂದಾಗ ಕಾತ್ರಿನ್ ಬಳ್ಳಿಯನ್ನೂ ಬತ್ತಿಯನ್ನೂ ಒಲೆಗೆ ಹಾಕಿಯಾಗಿತ್ತು. ಕ್ರಿಸ್‌ಮಸ್ ದಿನ ಆ ಒಲೆಯ ಮೇಲೆ ಬೆಂದದ್ದು ಗಂಜಿ ಮಾತ್ರ.

ಜುಲಿಯಾನಳ ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು. ಒಂದು ಮಧ್ಯಾಹ್ನ ಸೆವೆರಿನಾ ಒದ್ದೆ ಬಟ್ಟೆ ಇಡುತ್ತಿದ್ದಾಗ ಅವಳು ಮೆಲ್ಲಗೆ ಕೇಳಿದಳು: "ನೀನೇ ತೊಳೆದ್ಯಲ್ಲ ಅತ್ತೆ. ಹ್ಯಾಂಗಿದ್ದ?"

ಸೆವೆರಿನಾ ಬಟ್ಟೆ ಕೆಳಗಿಟ್ಟಳು. "ತಲೆ ತುಂಬ ಕೂದ್ಲು. ಗುಂಗುರು. ಎಡಗಿವಿ ಚೂರು ಮಡಚಿತ್ತು, ನಿಮ್ಮಪ್ಪಂದು ಇತ್ತಲ್ಲ, ಹಂಗೇ."

"ಮತ್ತೆ?"

"ಉಗುರು ಉದ್ದ ಬೆಳ್ದಿದ್ವು."

ಸೌದೆ ಹೊರೆ ಹೊತ್ತ ಕಾತ್ರಿನ್ ಹಿತ್ತಿಲ ಬಾಗಿಲಿಗೆ ಯಾವಾಗ ಬಂದಿದ್ದಳೋ, ಬೈಯಲಿಲ್ಲ. ಹೊರೆ ಇಳಿಸುವುದನ್ನೂ ಮರೆತು ಕೇಳುತ್ತ ನಿಂತಳು.