ಗೋಡೆಯ ಈಚೆ ಕಸ್ತೂರಿ

ಕೆರೂರಿನಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದೇ ಮಾಳಿಗೆಯ ಕೆಳಗೆ ಎರಡು ಬಾಗಿಲಿನ ಮನೆಯಿತ್ತು. ಎಡಗಡೆ ಕಸ್ತೂರಿ ಮತ್ತು ಅವಳ ಗಂಡ ಅನಿಲಕುಮಾರ. ಬಲಗಡೆ ಮೈದುನ, ಅವನ ಹೆಂಡತಿ ಶೈಲಾ, ಅವರ ಇಬ್ಬರು ಹೆಣ್ಣುಮಕ್ಕಳು, ಅತ್ತೆ ಶಿವಲಿಂಗವ್ವ. ನಡುವಿನ ಗೋಡೆ ತೆಳ್ಳಗೆ. ಮುಂಜಾನೆ ಆಚೆ ಕಡೆ ಸಣ್ಣವಳು ಸ್ಪಂದನಾ ಜಡೆ ಬಿಗಿಯಾಯಿತೆಂದು ಚೀರುವುದು ಈಚೆಗೆ ಕೇಳುತ್ತಿತ್ತು. ಮಷೀನಿನ ಮುಂದೆ ಕುಳಿತು ಯಾರದೋ ಜಂಪರ್ ಹೊಲಿಯುತ್ತಿದ್ದ ಕಸ್ತೂರಿ ಕಾಲು ನಿಲ್ಲಿಸುತ್ತಿದ್ದಳು. ಆ ಕೂದಲನ್ನು ಎಷ್ಟು ಸಡಿಲವಾಗಿ ಹೆಣೆದರೆ ಹುಡುಗಿ ಸುಮ್ಮನಿರುತ್ತಾಳೆ ಎಂಬುದು ಅವಳಿಗೆ ಗೊತ್ತಿತ್ತು.

ಸ್ಪಂದನಾ ಒಂದು ಕಾಲಕ್ಕೆ ಅವಳ ಕೂಸೇ ಆಗಿತ್ತು.

ಕಸ್ತೂರಿಗೆ ಮದುವೆಯಾಗಿ ಹತ್ತು ವರ್ಷವಾದರೂ ಮಡಿಲು ತುಂಬಲಿಲ್ಲ. ಬಾಗಲಕೋಟೆಯ ದವಾಖಾನೆಗಳಿಗೆ ಅಲೆದದ್ದೂ ಆಯಿತು. ಅಷ್ಟರಲ್ಲಿ ಶೈಲಾಳಿಗೆ ಎರಡನೆಯದೂ ಹೆಣ್ಣಾಯಿತು. ಶಿವಲಿಂಗವ್ವನೇ ಆ ಕೂಸನ್ನು ತಂದು ಕಸ್ತೂರಿಯ ಉಡಿಯಲ್ಲಿ ಹಾಕಿದಳು. ದತ್ತು ಬರವಣಿಗೆಯಲ್ಲಿ ಆಗಬೇಕಲ್ಲವೇ ಎಂದು ಕಸ್ತೂರಿ ಕೇಳಿದಾಗ ಅತ್ತೆ ನಕ್ಕುಬಿಟ್ಟಳು.

"ಮನಿ ಕೂಸು ಮನ್ಯಾಗ ಇರತೈತಿ. ಅದಕ್ಯಾಕ ಬೇಕ ಕಾಗದಾ ಗೀಗದಾ?"

ಕೂಸು ಅವಳ ಮಗ್ಗುಲಲ್ಲಿ ಮಲಗಿತು, ಅವಳನ್ನು ಅವ್ವ ಎಂದಿತು, ಅನಿಲಕುಮಾರನ ಹೆಗಲೇರಿ ಓಣಿ ಸುತ್ತಿತು. ಮೂರು ವರ್ಷ ತುಂಬುವ ಹೊತ್ತಿಗೆ ಒಂದು ಮಧ್ಯಾಹ್ನ ಮಾಳಿಗೆಯ ಮೆಟ್ಟಿಲಿಂದ ಉರುಳಿ ಕೈ ಮುರಿದುಕೊಂಡಿತು. ಕಸ್ತೂರಿ ಕೆಳಗೆ ಗಿರಾಕಿಯ ಅಳತೆ ತೆಗೆದುಕೊಳ್ಳುತ್ತಿದ್ದಳು. ಅವಳು ಓಡಿ ಬರುವುದರೊಳಗೆ ಶೈಲಾ ಕೂಸನ್ನು ಎತ್ತಿಕೊಂಡಾಗಿತ್ತು.

"ಹಡದಾಕಿ ಇನ್ನ ಸತ್ತಿಲ್ಲ," ಎಂದಳು ಶೈಲಾ. ಓಣಿಯ ಮಂದಿಯೆಲ್ಲ ಕೇಳಿದರು.

ಕೈ ಕೂಡಿತು, ಕೂಸು ಮರಳಿ ಬರಲಿಲ್ಲ. ಶೈಲಾ ಅದಕ್ಕೆ 'ದೊಡ್ಡವ್ವ' ಅನ್ನುವುದನ್ನು ಕಲಿಸಿದಳು. ಬೇಗ ಕಲಿತುಬಿಟ್ಟಿತು. ಅಂದಿನಿಂದ ಇಬ್ಬರು ನೆಗೆಣ್ಣಿಯರ ನಡುವೆ ಮಾತು ನಿಂತಿತು. ಬಟ್ಟೆ ಒಣಹಾಕಲು ಒಬ್ಬಳು ಮಾಳಿಗೆಗೆ ಬಂದರೆ ಇನ್ನೊಬ್ಬಳು ಇಳಿದು ಹೋಗುತ್ತಿದ್ದಳು.

ಯಾರೂ ಬಂದು ಎತ್ತಿಕೊಂಡು ಹೋಗಲಾರದಂಥ ಮಗು ಬೇಕು, ಕಾಯ್ದೆ ಪ್ರಕಾರ ಬೇಕು ಎಂದು ಕಸ್ತೂರಿ ಹಟ ಹಿಡಿದದ್ದು ಆಮೇಲೆ. ದತ್ತಕಕ್ಕೆ ಹೆಸರು ಹಚ್ಚಿಸಲು ಗಂಡನನ್ನು ಕರೆದುಕೊಂಡು ಹೋದಳು. ತೋರಿಸಿದಲ್ಲೆಲ್ಲ ಅವನು ಸಹಿ ಮಾಡಿದ. ಅತ್ತೆ ಮಾತ್ರ ಬಾಯಿ ಬಿಟ್ಟಳು.

"ಯಾರ ಹಡದದ್ದೋ, ಯಾವ ಕುಲದ್ದೋ. ನಮ್ಮ ಮನ್ಯಾಗ ತಂದ ಬಿಟಗೊಂತೀಯೇನ?"

"ಮುಂಜಾನೆದ್ದು ಬಸವಣ್ಣನ ಫೋಟೋಕ್ಕ ಕೈ ಮುಗೀತೀರಿ. ಅಂವಾ ಕುಲಾ ಕೇಳಿದ್ನೇನ್ರಿ ಅತ್ತಿ?"

ಅಂದಿನಿಂದ ಶಿವಲಿಂಗವ್ವ ಎಡಗಡೆಯ ಬಾಗಿಲು ತುಳಿಯಲಿಲ್ಲ.

ಕಾದು ಕಾದು ಸಾಕಾದ ಮೇಲೆ ಮನೆ ನೋಡಲು ತಬಸುಮ ಎಂಬ ಸಮಾಜ ಕಾರ್ಯಕರ್ತೆ ಬಂದರು. ಅಡುಗೆಮನೆ, ನೀರು, ಬೆಳಕು ನೋಡಿದರು. ಆಮೇಲೆ ಗಂಡನನ್ನೂ ಹೆಂಡತಿಯನ್ನೂ ಬೇರೆಬೇರೆ ಕೂರಿಸಿಕೊಂಡು ಮಾತಾಡಿದರು. ಕೊನೆಗೆ ಬಲಗಡೆಯ ಬಾಗಿಲನ್ನೂ ತಟ್ಟಿದರು. ಇನ್ನು ಮುಗಿಯಿತು ಎಂದುಕೊಂಡು ಕಸ್ತೂರಿ ಗೋಡೆಗೆ ಕಿವಿ ಆನಿಸಿ ನಿಂತಳು. ಶೈಲಾಳ ದನಿ ಸ್ಪಷ್ಟವಾಗಿ ಬಂತು.

"ಅಕಿ ಕಡೆ ತಪ್ಪಿಲ್ರಿ. ನನ್ನ ಮಗಳನ್ನ ಕಣ್ಣಾಗಿಟ್ಟ ಸಾಕಿದ್ಲು. ಕೊಟ್ಟಾಕಿನೂ ನಾನ, ಕಸಗೊಂಡಾಕಿನೂ ನಾನ. ನನಗ ತಡ್ಯಾಕ ಆಗಲಿಲ್ಲ."

ಕಸ್ತೂರಿ ಗೋಡೆಯಿಂದ ಕಿವಿ ತೆಗೆದಳು. ಆಚೆ ಹೋಗಿ ಶೈಲಾಳ ಕೈ ಹಿಡಿಯಬೇಕೆನಿಸಿತು. ಹೋಗದೆ, ಮತ್ತೆ ಮಷೀನಿನ ಮುಂದೆ ಕುಳಿತಳು.

ತಿಂಗಳುಗಳು ಕಳೆದರೂ ಯಾವ ಸುದ್ದಿಯೂ ಬರಲಿಲ್ಲ. ಅವಳು ಫೋನ್ ಮಾಡಿದಾಗ ತಬಸುಮ ತಡೆದು ತಡೆದು ಹೇಳಿದರು: "ನಿಮ್ಮ ಯಜಮಾನ್ರ ಜೋಡಿ ಒಮ್ಮೆ ಕುಂತ ಮಾತಾಡ್ರಿ. ಅವರು ಟೈಮ್ ಕೇಳ್ಯಾರ."

ಗಂಡ ಬರುವವರೆಗೆ ಅವಳಿಗೆ ತಾಳಲಾಗಲಿಲ್ಲ. ಮನೆಯಲ್ಲಿ ಗೋಡೆಗೂ ಕಿವಿಯಿತ್ತು. ಸಿಕ್ಕ ಬಸ್ಸು ಹತ್ತಿ ಕುಳಗೇರಿ ಕ್ರಾಸಿಗೆ ಹೋದಳು. ಅನಿಲಕುಮಾರ ಅಲ್ಲಿ ಲೈನ್‌ಮನ್. ಕಂಬದಿಂದ ಆಗಷ್ಟೇ ಇಳಿದು ಚಹಾದಂಗಡಿಯ ಬೆಂಚಿನ ಮೇಲೆ ಕುಳಿತಿದ್ದವನು ಅವಳನ್ನು ಕಂಡು ಗಾಬರಿಯಾಗಿ ಎದ್ದ.

"ಅತ್ತಿ ಮಾತ ಕೇಳಿ ಹಿಂದ ಸರದ್ರೇನು? ನನ್ನ ಮುಂದ ಹೇಳಬೇಕಿತ್ತಿಲ್ಲೋ!"

ಅವನು ಅವಳನ್ನು ಅಂಗಡಿಯ ಹಿಂದಿನ ನೆರಳಿಗೆ ಕರೆದೊಯ್ದ. ಕೈಗವಸನ್ನು ತೊಡುತ್ತ, ತೆಗೆಯುತ್ತ ಹೇಳಿದ.

"ಅವ್ವನ ಸಲುವಾಗಿ ಅಲ್ಲ. ಸ್ಪಂದನಾ ನನಗ ಅಪ್ಪಾ ಅಂತಿದ್ಲು, ಕಸ್ತೂರಿ. ಈಗ ದೊಡ್ಡಪ್ಪಾ ಅಂತಾಳ. ನಾ ಹೂಂ ಅಂತೇನಿ. ನೀ ಅಳತಿದ್ದಿ, ಮಂದಿ ಬಂದು ನಿನಗ ಸಮಾಧಾನ ಮಾಡಿದ್ರು. ನನ್ನ ಯಾರ ಕೇಳಿದ್ರು? ಇನ್ನೊಂದ ಕೂಸು ಹೆಗಲ ಮ್ಯಾಲ ಕುಂಡರಿಸಿಕೊಳ್ಳಾಕ ಅಂಜಿಕಿ ಬರತೈತಿ."

ಆ ಕೂಸು ಹೋದ ನೋವು ತನಗೊಬ್ಬಳಿಗೇ ಎಂದು ಅವಳು ಇಷ್ಟು ವರ್ಷ ತಿಳಿದಿದ್ದಳು. ಸಿಟ್ಟು ಎಲ್ಲಿ ಹೋಯಿತೋ, ಅದರ ಜಾಗದಲ್ಲಿ ಏನೂ ಉಳಿಯಲಿಲ್ಲ.

"ಸ್ವಲ್ಪ ದಿನಾ ಕೊಡು," ಎಂದ ಅವನು.

"ತಗೋರಿ," ಎಂದಳು. ತಿರುಗಿ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು, ಊರು ಬಂದದ್ದು ತಿಳಿಯದೆ ಮುಂದಿನ ನಿಲ್ದಾಣದಲ್ಲಿ ಇಳಿದು, ಬಿಸಿಲಲ್ಲಿ ನಡೆದು ಬಂದಳು.

ಅವನು ಕೇಳಿದ 'ಸ್ವಲ್ಪ ದಿನ' ಬೆಳೆಯುತ್ತ ಹೋಯಿತು. ಕಸ್ತೂರಿ ಹೊಲಿದಳು, ರೊಟ್ಟಿ ಬಡಿದಳು, ಅವನ ಡಬ್ಬಿ ಕಟ್ಟಿದಳು, ಒಮ್ಮೆಯೂ ಕೇಳಲಿಲ್ಲ. ಇಬ್ಬರ ವಯಸ್ಸೂ ಏರಿದ್ದರಿಂದ ಕಾಯ್ದೆ ಪ್ರಕಾರ ಇನ್ನು ಎಳೆಗೂಸು ಸಿಗುವ ಆಸೆಯಿರಲಿಲ್ಲ. ತೊಟ್ಟಿಲಿಗೆಂದು ಎತ್ತಿಟ್ಟಿದ್ದ ಮೆತ್ತನೆಯ ಇಳಕಲ್ ಸೀರೆಯನ್ನು ತೆಗೆದು ತಾನೇ ಉಡತೊಡಗಿದಳು. ಒಂದು ದಿನ ಅನಿಲಕುಮಾರ ಕೆಲಸದಿಂದ ಬಂದವನು ಬೂಟು ಬಿಚ್ಚುತ್ತ, ಅವಳ ಮುಖ ನೋಡದೆ ಹೇಳಿದ: "ತಬಸುಮ ಮ್ಯಾಡಮ್ಮರಿಗೆ ಫೋನ್ ಮಾಡಿದ್ದೆ. ದೊಡ್ಡ ಕೂಸಾದ್ರೂ ಅಡ್ಡಿಯಿಲ್ಲ ಅಂದೇನಿ."

ಭೂಮಿಕಾ ಬಂದದ್ದು ಮುಂದಿನ ಚಳಿಗಾಲಕ್ಕೆ, ಬೇರೆ ಜಿಲ್ಲೆಯ ಮಕ್ಕಳ ಸಂಸ್ಥೆಯೊಂದರಿಂದ. ಐದು ತುಂಬಿತ್ತು. ಕೂದಲು ಗಿಡ್ಡಗೆ ಕತ್ತರಿಸಿದ್ದರು, ಹೆಣೆಯಲು ಬರುವಂತಿರಲಿಲ್ಲ. ಶೈಲಾ ಹುಗ್ಗಿ ಮಾಡಿ ಬಟ್ಟಲು ತಂದು ಕೊಟ್ಟಳು, ಹೊಸ್ತಿಲಾಚೆ ನಿಂತೇ. "ಒಳಗ ಬಾ," ಎಂದಳು ಕಸ್ತೂರಿ. "ಆಮ್ಯಾಲೆ ಬರ್ತೇನಿ," ಎಂದು ಶೈಲಾ ಹೋದಳು. ಶಿವಲಿಂಗವ್ವ ತನ್ನ ಬಾಗಿಲಿನಿಂದ ಇಣುಕಿ ನೋಡಿದಳು, ಅಷ್ಟೇ.

ಹುಡುಗಿ ಹುಗ್ಗಿ ತಿಂದಿತು, ಬಟ್ಟಲು ತಾನೇ ತೊಳೆದಿಟ್ಟಿತು. ಕಸ್ತೂರಿಯನ್ನು ಟೀಚರ್ ಎಂದು ಕರೆಯಿತು. ಸಂಸ್ಥೆಯಲ್ಲಿ ದೊಡ್ಡವರನ್ನೆಲ್ಲ ಹಾಗೆಯೇ ಕರೆಯುತ್ತಿತ್ತೇನೋ.

"ಟೀಚರ್, ನನ್ನ ಎಷ್ಟ ದಿನಕ್ಕ ಕಳಿಸ್ಯಾರ್ರಿ ಇಲ್ಲಿ?"

ಕಸ್ತೂರಿ ಗಂಡನತ್ತ ನೋಡಿದಳು. ಬಾಗಿಲಲ್ಲಿ ಕುಳಿತಿದ್ದ ಅನಿಲಕುಮಾರನೇ ಹೇಳಿದ: "ಇಲ್ಲೇ ಇರೂದವ್ವ. ಇನ್ನ ಎಲ್ಲೂ ಕಳಸೂದಿಲ್ಲ."

ಭೂಮಿಕಾ ತಲೆಯಾಡಿಸಿತು. ನಂಬಿದಂತೆ ಕಾಣಲಿಲ್ಲ. ಮಲಗುವಾಗ ಚಪ್ಪಲಿಗಳನ್ನು ಒಳಗೆ ತಂದು ದಿಂಬಿನ ಪಕ್ಕ ಜೋಡಿಸಿಟ್ಟುಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿತು. ಕಸ್ತೂರಿ ಮುಟ್ಟಲು ಹೋಗಲಿಲ್ಲ. ಚಾಪೆಯನ್ನು ಒಂದು ಮೊಳ ದೂರ ಹಾಸಿಕೊಂಡು, ಆ ಸಣ್ಣ ಬೆನ್ನು ಉಸಿರಾಡುವುದನ್ನು ನೋಡುತ್ತ ಒರಗಿದಳು.